ರೋಮನ್ನರು ಹೋದ ಮೇಲೆ ಬ್ರಿಟನ್ನಿನಲ್ಲಿ ಏನಾಯಿತು? ಆಂಗ್ಲೋ-ಸ್ಯಾಕ್ಸನ್ನರು ಹುಟ್ಟಿದ ಕಥೆ

ಕನ್ನಡದಲ್ಲಿ ನಾವು 'ಆಂಗ್ಲ ಮಾಧ್ಯಮ', 'ಆಂಗ್ಲ ಭಾಷೆ' ಅಂತ ದಿನಬೆಳಗಾದರೆ ಬರೆಯುತ್ತೇವೆ. ಆ 'ಆಂಗ್ಲ' ಅನ್ನುವ ಪದದ ಬೇರು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಇಂಗ್ಲೆಂಡ್ ಅಲ್ಲ, ಜರ್ಮನಿ. ಅದರ ಉತ್ತರ ತುದಿಯಲ್ಲಿ, ಡೆನ್ಮಾರ್ಕ್ ಗಡಿಗೆ ಹತ್ತಿರ, ಬಾಲ್ಟಿಕ್ ಸಮುದ್ರದ ದಡದಲ್ಲಿ ಆಂಗೆಲ್ನ್ ಅನ್ನುವ ಒಂದು ಚಿಕ್ಕ ಸೀಮೆ ಇದೆ. ಅಲ್ಲಿಂದ ಹೊರಟವರು ಆಂಗಲ್ಲರು. ಅವರ ಹೆಸರೇ ಇಂಗ್ಲೆಂಡಿಗೂ ಇಂಗ್ಲಿಷಿಗೂ ಬಂತು.

ಶಾಲೆಯ ಪುಸ್ತಕದಲ್ಲಿ ಈ ಕಥೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. 410ರಲ್ಲಿ ರೋಮನ್ನರು ಬ್ರಿಟನ್ ಬಿಟ್ಟರು. ಕಾಯುವವರಿಲ್ಲದ ನಾಡಿಗೆ ಆಂಗಲ್, ಸ್ಯಾಕ್ಸನ್, ಜೂಟ್ ಅನ್ನುವ ಮೂರು ಜನಾಂಗಗಳು ಹಡಗು ಹತ್ತಿ ಬಂದವು. ಅಲ್ಲಿದ್ದ ಬ್ರಿಟನ್ನರನ್ನು ಕೊಂದರು, ಉಳಿದವರನ್ನು ಪಶ್ಚಿಮದ ವೇಲ್ಸ್ ಬೆಟ್ಟಗಳಿಗೆ ಅಟ್ಟಿದರು. ಇಂಗ್ಲೆಂಡ್ ಹುಟ್ಟಿತು.

ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಹಡಗಿನಿಂದ ಇಳಿದವರು ಇಳಿಯುವಾಗಲೇ 'ಆಂಗ್ಲೋ-ಸ್ಯಾಕ್ಸನ್' ಆಗಿರಲಿಲ್ಲ. ಅಂಥ ಜನ ಆಗ ಎಲ್ಲೂ ಇರಲಿಲ್ಲ. ಸುಮಾರು ಇನ್ನೂರು ವರ್ಷ ಬ್ರಿಟನ್ನಿನ ಹೊಲಗಳಲ್ಲಿ ಉತ್ತು ಬಿತ್ತು, ಅಲ್ಲಿಯವರ ಜೊತೆ ಹೊಡೆದಾಡಿ, ಅಲ್ಲಿಯವರನ್ನೇ ಮದುವೆಯಾಗಿ, ಸತ್ತವರನ್ನು ಅಲ್ಲೇ ಹೂಳುತ್ತಾ ಹೂಳುತ್ತಾ ಅವರು ಹಾಗೆ ಆದರು. ಅದು ಹೇಗೆ ಆಯಿತು ಅನ್ನುವುದೇ ನನಗೆ ಇಡೀ ಯುರೋಪಿನ ಇತಿಹಾಸದಲ್ಲಿ ತುಂಬಾ ಇಷ್ಟವಾದ ಭಾಗ.

ಮೊದಲು ರೋಮನ್ನರ ವಿಷಯ. 'ಬಿಟ್ಟುಹೋದರು' ಅಂದ ಕೂಡಲೇ ನಮಗೆ 1947 ನೆನಪಾಗುತ್ತದೆ. ಬಾವುಟ ಇಳಿಸಿದರು, ಹಡಗು ಹತ್ತಿದರು, ಊರಿಗೆ ಹೋದರು. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ರೋಮ್ ಈ ದ್ವೀಪವನ್ನು ಗೆದ್ದು ಆಳಲು ಸೈನ್ಯ ಇಳಿಸಿದ್ದು ಕ್ರಿ.ಶ. 43ರಲ್ಲಿ. ಅಲ್ಲಿಂದ 410ರವರೆಗೆ ಮುನ್ನೂರ ಅರವತ್ತು ವರ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಹತ್ತು ಹದಿನೈದು ತಲೆಮಾರು ಕಳೆದಿದ್ದವು. 212ರ ನಂತರ ಸಾಮ್ರಾಜ್ಯದಲ್ಲಿದ್ದ ಹೆಚ್ಚುಕಡಿಮೆ ಎಲ್ಲಾ ಸ್ವತಂತ್ರರೂ ರೋಮನ್ ಪ್ರಜೆಗಳೇ. ಅಂದರೆ 400ರ ಹೊತ್ತಿಗೆ ಬ್ರಿಟನ್ನಿನ ರೈತನೂ ರೋಮನ್, ಜಮೀನ್ದಾರನೂ ರೋಮನ್. ಅವರು ಎಲ್ಲಿಗೆ ಹೋಗಬೇಕು? ಹೋದದ್ದು ಸೈನ್ಯ ಮತ್ತು ಸರ್ಕಾರ.

ಅದೂ ಒಂದೇ ದಿನ ಹೋಗಲಿಲ್ಲ. 383ರಲ್ಲಿ ಮ್ಯಾಗ್ನಸ್ ಮ್ಯಾಕ್ಸಿಮಸ್ ಅನ್ನುವ ಸೇನಾಪತಿ ತಾನೇ ಚಕ್ರವರ್ತಿಯಾಗುತ್ತೇನೆ ಅಂತ ಹೊರಟು ಒಂದಷ್ಟು ಸೈನ್ಯವನ್ನು ಗಾಲ್‌ಗೆ, ಅಂದರೆ ಇವತ್ತಿನ ಫ್ರಾನ್ಸ್ ಕಡೆಗೆ, ಕರೆದುಕೊಂಡು ಹೋದ. 407ರಲ್ಲಿ ಮೂರನೇ ಕಾನ್‌ಸ್ಟಂಟೈನ್ ಅನ್ನುವವನು ಅದನ್ನೇ ಮಾಡಿದ. ಅವನಿಗೂ ಚಕ್ರವರ್ತಿ ಪಟ್ಟ ಬೇಕಿತ್ತು, ಉಳಿದ ಸೈನ್ಯದ ಬಹುಪಾಲನ್ನು ಅವನು ಒಯ್ದ. 409ರ ಸುಮಾರಿಗೆ ಬ್ರಿಟನ್ನರೇ ರೋಮನ್ ಅಧಿಕಾರಿಗಳನ್ನು ಹೊರಗೆ ಹಾಕಿದರು ಅಂತ ಝೋಸಿಮಸ್ ಅನ್ನುವ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ. 410ರಲ್ಲಿ ಚಕ್ರವರ್ತಿ ಹೊನೊರಿಯಸ್ 'ನಿಮ್ಮ ರಕ್ಷಣೆ ನೀವೇ ನೋಡಿಕೊಳ್ಳಿ' ಅಂತ ಪತ್ರ ಬರೆದ ಅನ್ನುವುದೂ ಅದೇ ಝೋಸಿಮಸ್‌ನಿಂದ ತಿಳಿದದ್ದು. ಆ ಪತ್ರ ಹೋಗಿದ್ದು ಬ್ರಿಟನ್ನಿಗಲ್ಲ, ಇಟಲಿಯ ಬ್ರುಟ್ಟಿಯಂ ಪ್ರಾಂತಕ್ಕೆ ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ. ಹೇಗಾದರೂ ಇರಲಿ, ಅದೇ ವರ್ಷ ವಿಸಿಗಾತ್ ಅನ್ನುವ ಜರ್ಮನ್ ಮೂಲದ ಜನರ ದೊರೆ ಅಲಾರಿಕ್ ರೋಮ್ ನಗರವನ್ನೇ ಲೂಟಿ ಮಾಡಿದ. ದೂರದ ಒಂದು ದ್ವೀಪದ ಕಡೆ ನೋಡುವ ಸ್ಥಿತಿಯಲ್ಲಿ ಚಕ್ರವರ್ತಿ ಇರಲಿಲ್ಲ.

ಸೈನ್ಯ ಹೋದರೆ ಕಾವಲು ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ದುಡ್ಡು ಓಡಾಡುತ್ತಿದ್ದದ್ದೇ ಸೈನಿಕರ ಸಂಬಳದಿಂದ. ಸರ್ಕಾರ ನಾಣ್ಯ ಕಳಿಸುತ್ತಿತ್ತು, ಸೈನಿಕ ಅದನ್ನು ಅಂಗಡಿಯಲ್ಲಿ ಕೊಡುತ್ತಿದ್ದ, ಅಂಗಡಿಯವನು ರೈತನಿಗೆ ಕೊಡುತ್ತಿದ್ದ, ರೈತ ತೆರಿಗೆಯಾಗಿ ಮತ್ತೆ ಸರ್ಕಾರಕ್ಕೆ ಕಟ್ಟುತ್ತಿದ್ದ. ಸುಮಾರು 402ರ ನಂತರ ಹೊಸ ನಾಣ್ಯ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆ ಚಕ್ರ ಒಮ್ಮೆ ನಿಂತಿದ್ದೇ ತಡ, ಅದನ್ನು ನಂಬಿಕೊಂಡಿದ್ದ ಕಸುಬುಗಳೆಲ್ಲ ಬಿದ್ದವು. ದೊಡ್ಡ ಕುಂಬಾರಿಕೆ ಕೇಂದ್ರಗಳಿದ್ದವು. ತಿಗರಿ ಮೇಲೆ ಮಾಡಿದ, ಗಟ್ಟಿಯಾಗಿ ಸುಟ್ಟ ಮಡಕೆಗಳು ದೂರದೂರಿಗೆ ಹೋಗುತ್ತಿದ್ದವು. ಒಂದೇ ತಲೆಮಾರಿನಲ್ಲಿ ಅವು ಮಾಯವಾದವು. ಕಬ್ಬಿಣದ ಮೊಳೆ ಕೂಡ ಸುಲಭವಾಗಿ ಸಿಗದ ಕಾಲ ಬಂತು. ಅಜ್ಜಿ ಅಂಗಡಿಯಿಂದ ತಂದ ಮಡಕೆಯಲ್ಲಿ ಅಡುಗೆ ಮಾಡಿದ್ದಳು, ಮೊಮ್ಮಗಳು ಕೈಯಲ್ಲೇ ತಟ್ಟಿದ ಮಡಕೆಯಲ್ಲಿ ಮಾಡಿದಳು. ಸಾಮ್ರಾಜ್ಯ ಕುಸಿಯುವುದು ಅಂದರೆ ಒಂದು ಮನೆಯ ಮಟ್ಟಿಗೆ ಇದೇ, ಅಲ್ವಾ?

ಆ ದಿನಗಳ ಭಯ ಕಣ್ಣಿಗೆ ಕಾಣಬೇಕಾದರೆ ಹಾಕ್ಸ್‌ನ್ ನಿಧಿ ನೋಡಬೇಕು. 1992ರಲ್ಲಿ ಸಫಕ್ ಸೀಮೆಯ ಹಾಕ್ಸ್‌ನ್ ಅನ್ನುವ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಲೋಹ ಪತ್ತೆಯ ಯಂತ್ರ ತಂದ ಗೆಳೆಯನಿಗೆ ಸಿಕ್ಕಿದ್ದು ಸುಮಾರು 15 ಸಾವಿರ ಚಿನ್ನ ಬೆಳ್ಳಿಯ ನಾಣ್ಯ, ಜೊತೆಗೆ ಒಡವೆ, ಬೆಳ್ಳಿ ಚಮಚಗಳು. ಯಾರೋ ಶ್ರೀಮಂತರು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಹೂತಿಟ್ಟಿದ್ದರು. ಮತ್ತೆ ಬಂದು ತೆಗೆಯಲಿಲ್ಲ. ಅದರಲ್ಲಿರುವ ಕೊನೆಯ ನಾಣ್ಯಗಳು 407-408ರವು. ಬೆಳ್ಳಿ ನಾಣ್ಯಗಳ ಅಂಚನ್ನೆಲ್ಲ ಸುತ್ತಲೂ ಕತ್ತರಿಸಿದ್ದಾರೆ. ಹೊಸ ಬೆಳ್ಳಿ ಬರುತ್ತಿರಲಿಲ್ಲವಲ್ಲ, ಇದ್ದದ್ದರಿಂದಲೇ ಚೂರು ಚೂರು ಉಳಿಸಿಕೊಳ್ಳುತ್ತಿದ್ದರು.

ಆ ಪೆಟ್ಟಿಗೆಯಲ್ಲಿ ಬೆಳ್ಳಿಯ ನಾಲ್ಕು ಮೆಣಸಿನ ಡಬ್ಬಿಗಳಿವೆ. ಒಂದು ಸಿಂಗಾರ ಮಾಡಿಕೊಂಡ ಹೆಂಗಸಿನ ಆಕಾರದ್ದು. ಅದರ ತಳದಲ್ಲಿ ತಿರುಗುವ ಒಂದು ಬಿಲ್ಲೆ ಇದೆ. ಒಂದು ಕಡೆ ತಿರುಗಿಸಿದರೆ ಮೆಣಸು ತುಂಬಲು ದೊಡ್ಡ ತೂತು, ಇನ್ನೊಂದು ಕಡೆ ತಿರುಗಿಸಿದರೆ ಉದುರಿಸಲು ಸಣ್ಣ ತೂತುಗಳು, ಮತ್ತೂ ತಿರುಗಿಸಿದರೆ ಬಂದ್. ಕರಿಮೆಣಸು ಎಲ್ಲಿಯದು? ನಮ್ಮ ಪಶ್ಚಿಮ ಘಟ್ಟದ ಕಡೆಯದು. ಮಲಬಾರಿನ ಬಂದರಿನಿಂದ ಹೊರಟು, ಕೆಂಪು ಸಮುದ್ರ ದಾಟಿ, ಈಜಿಪ್ಟ್ ಮೂಲಕ ಬ್ರಿಟನ್ನಿನ ಊಟದ ಮೇಜು ಮುಟ್ಟುವಷ್ಟು ಉದ್ದದ ದಾರಿ ಅದು. ಆ ಡಬ್ಬಿಯನ್ನು ಹೂತವರ ಮಕ್ಕಳು ಮೆಣಸಿನ ರುಚಿ ನೋಡಿದರೋ ಇಲ್ಲವೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗಂತ ಎಲ್ಲಾ ಕಡೆ ಒಮ್ಮೆಲೇ ಕತ್ತಲಾಯಿತು ಅನ್ನುವುದೂ ಸರಿಯಲ್ಲ. 429ರಲ್ಲಿ ಗಾಲ್‌ನಿಂದ ಬಿಷಪ್ ಜರ್ಮೇನಸ್ ಬ್ರಿಟನ್ನಿಗೆ ಬಂದು ಅಲ್ಲಿಯ ಕ್ರೈಸ್ತರ ಜೊತೆ ಧರ್ಮದ ವಾದ ನಡೆಸಿದ್ದು ದಾಖಲಾಗಿದೆ. ಗ್ಲಾಸ್ಟರ್‌ಶೈರಿನ ಚೆಡ್‌ವರ್ತ್ ಅನ್ನುವ ರೋಮನ್ ಕಾಲದ ಬಂಗಲೆಯಲ್ಲಿ ಒಂದು ಕೋಣೆಗೆ ಮೊಸಾಯಿಕ್ ನೆಲ ಹಾಸಿದ್ದು 5ನೇ ಶತಮಾನದ ಮಧ್ಯಭಾಗದಲ್ಲಿ ಅಂತ 2020ರಲ್ಲಿ ಗೊತ್ತಾಯಿತು. ಅಂದರೆ ರೋಮ್ ಹೋಗಿ ಒಂದು ತಲೆಮಾರಾದ ಮೇಲೂ ಯಾರೋ ದುಡ್ಡು ಕೊಟ್ಟು ಬಣ್ಣದ ಕಲ್ಲು ಜೋಡಿಸಿದ್ದಾರೆ. ಪಶ್ಚಿಮದ ಕಾರ್ನ್‌ವಾಲ್‌ನ ಟಿಂಟಾಜೆಲ್‌ಗೆ 5, 6ನೇ ಶತಮಾನದಲ್ಲೂ ಮೆಡಿಟರೇನಿಯನ್ ಕಡೆಯಿಂದ ಹಡಗಿನಲ್ಲಿ ದ್ರಾಕ್ಷಾರಸ, ಎಣ್ಣೆಯ ಜಾಡಿಗಳು ಬರುತ್ತಿದ್ದವು. ಪೂರ್ವದ ತಗ್ಗು ಬಯಲಿನಲ್ಲೇ ಕುಸಿತ ಜಾಸ್ತಿ. ಹೊಸಬರು ಬಂದಿಳಿದದ್ದೂ ಅಲ್ಲಿಗೇ.

ಅವರು ಯಾರು, ಯಾಕೆ ಬಂದರು? ಬರೆದಿಟ್ಟ ಸಾಕ್ಷಿ ತೀರಾ ಕಡಿಮೆ. ಮೊದಲನೆಯದು ಗಿಲ್ಡಸ್ ಅನ್ನುವ ಬ್ರಿಟನ್ ಸನ್ಯಾಸಿಯದು, 6ನೇ ಶತಮಾನದ್ದು. ಅವನು ಹೇಳುವ ಪ್ರಕಾರ ಉತ್ತರದ ಪಿಕ್ಟ್‌ರು ಮತ್ತು ಐರ್ಲೆಂಡಿನ ಸ್ಕಾಟ್‌ರ ಕಾಟ ತಡೆಯಲಾರದೆ 'ಸೊಕ್ಕಿನ ಅರಸ' ಒಬ್ಬ ಸ್ಯಾಕ್ಸನ್ನರನ್ನು ಕೂಲಿ ಸೈನಿಕರಾಗಿ ಕರೆಸಿದ. ಮೂರು ಹಡಗಿನಲ್ಲಿ ಬಂದರು. ಕೊಡುತ್ತೇವೆ ಅಂದ ದವಸ ಸಾಲದು ಅಂತ ಜಗಳ ತೆಗೆದು, ಕರೆಸಿದವರ ಮೇಲೇ ತಿರುಗಿಬಿದ್ದರು. ಗಡಿ ಕಾಯಲು ಹೊರಗಿನವರಿಗೆ ದವಸ, ಜಮೀನು ಕೊಟ್ಟು ಇಟ್ಟುಕೊಳ್ಳುವುದು ರೋಮ್‌ನ ಹಳೇ ಪದ್ಧತಿಯೇ, ಹಾಗಾಗಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಗಿಲ್ಡಸ್ ಬರೆದದ್ದು ಇತಿಹಾಸವಲ್ಲ, ಉಪದೇಶ. ತನ್ನ ಕಾಲದ ರಾಜರು, ಪಾದ್ರಿಗಳು ಕೆಟ್ಟಿದ್ದಾರೆ, ಅದಕ್ಕೇ ದೇವರು ಶಿಕ್ಷೆ ಕೊಟ್ಟ ಅನ್ನುವುದು ಅವನ ವಾದ. ಶಿಕ್ಷೆ ಘೋರವಾಗಿದ್ದಷ್ಟೂ ಅವನ ಮಾತಿಗೆ ಬಲ. ಓದುವಾಗ ಇದು ನೆನಪಿರಬೇಕು.

ಎರಡನೆಯವನು ಬೀಡ್. ಉತ್ತರದ ಜಾರೋ ಮಠದ ಸನ್ಯಾಸಿ, ದೊಡ್ಡ ವಿದ್ವಾಂಸ. ಅವನು ತನ್ನ ಚರ್ಚಿನ ಇತಿಹಾಸ ಮುಗಿಸಿದ್ದು 731ರಲ್ಲಿ, ಅಂದರೆ ಘಟನೆ ನಡೆದು ಹತ್ತಿರ ಹತ್ತಿರ 300 ವರ್ಷದ ನಂತರ. ಆಂಗಲ್, ಸ್ಯಾಕ್ಸನ್, ಜೂಟ್ ಅನ್ನುವ ಮೂರರ ಲೆಕ್ಕ ಅವನದೇ. ಕೆಂಟ್ ಮತ್ತು ವೈಟ್ ದ್ವೀಪ ಜೂಟರಿಗೆ. ಎಸೆಕ್ಸ್, ಸಸೆಕ್ಸ್, ವೆಸೆಕ್ಸ್ ಸ್ಯಾಕ್ಸನ್ನರಿಗೆ (ಆ ಹೆಸರುಗಳ ಅರ್ಥವೇ ಪೂರ್ವ, ದಕ್ಷಿಣ, ಪಶ್ಚಿಮ ಸ್ಯಾಕ್ಸನ್ನರು ಅಂತ). ಉಳಿದ ಪೂರ್ವ ಮತ್ತು ಉತ್ತರ ಆಂಗಲ್ಲರಿಗೆ. ಮುಂದಾಳುಗಳು ಹೆಂಗಿಸ್ಟ್ ಮತ್ತು ಹೊರ್ಸಾ ಅನ್ನುವ ಅಣ್ಣತಮ್ಮಂದಿರು. ಈ ಎರಡು ಹೆಸರಿನ ಅರ್ಥ ಗಂಡುಕುದುರೆ ಮತ್ತು ಕುದುರೆ! ಇದು ಕುಲದ ಪುರಾಣದ ವಾಸನೆ ಅಂತ ಬಹಳ ಜನ ಇತಿಹಾಸಕಾರರು ಭಾವಿಸುತ್ತಾರೆ, ನನಗೂ ಹಾಗೇ ಕಾಣುತ್ತದೆ. ಅದೇ ಬೀಡ್ ತನ್ನ ಪುಸ್ತಕದ ಇನ್ನೊಂದು ಕಡೆ, ಬ್ರಿಟನ್ನಿಗೆ ಬಂದವರ ಮೂಲ ಹೇಳುವಾಗ ಫ್ರಿಸಿಯನ್ನರು, ಡೇನರು, ಹೂಣರು ಅಂತೆಲ್ಲ ಉದ್ದದ ಪಟ್ಟಿ ಕೊಡುತ್ತಾನೆ. ಆ ಪಟ್ಟಿಯನ್ನು ಯಾರೂ ಶಾಲೆ ಪುಸ್ತಕಕ್ಕೆ ಹಾಕಲಿಲ್ಲ. ಮೂರು ಅನ್ನುವುದು ನೆನಪಿಟ್ಟುಕೊಳ್ಳಲು ಸುಲಭ.

ಬರಹ ಬಿಟ್ಟು ನೆಲ ಅಗೆದು ನೋಡಿದಾಗ ಕಥೆ ಬಿಚ್ಚಿಕೊಳ್ಳುತ್ತದೆ.

ನಾರ್ಫೋಕ್‌ನ ಸ್ಪಾಂಗ್ ಹಿಲ್ ಅನ್ನುವಲ್ಲಿ ಒಂದು ದೊಡ್ಡ ಸ್ಮಶಾನ ಸಿಕ್ಕಿತು. 2000ಕ್ಕೂ ಹೆಚ್ಚು ಜನರನ್ನು ಸುಟ್ಟು, ಅಸ್ಥಿ ಬೂದಿಯನ್ನು ಮಡಕೆಯಲ್ಲಿ ತುಂಬಿ ಹೂತಿದ್ದಾರೆ. ಆ ಮಡಕೆಗಳ ಮೇಲಿನ ಗೀರು, ಮುದ್ರೆಗಳು ಉತ್ತರ ಜರ್ಮನಿಯ ಎಲ್ಬೆ ನದಿ ಕಡೆಯ ಸ್ಮಶಾನಗಳ ಮಡಕೆಗಳಿಗೆ ತಾಳೆಯಾಗುತ್ತವೆ. ಅದೇ ಕಾಲಕ್ಕೆ ಆಚೆ ದಡದಲ್ಲಿ ಊರುಗಳು ಖಾಲಿಯಾಗುತ್ತಿದ್ದವು. ಜರ್ಮನಿಯ ಕರಾವಳಿಯ ಫೆಡ್ಡರ್‌ಸೆನ್ ವಿಯರ್ಡೆ ಅನ್ನುವ ಹಳ್ಳಿ ಸಮುದ್ರದ ನೀರಿನಿಂದ ಉಳಿಯಲು ತಲೆತಲಾಂತರದಿಂದ ಮಣ್ಣಿನ ದಿಬ್ಬ ಏರಿಸುತ್ತಾ ಬದುಕಿದ ಊರು. 5ನೇ ಶತಮಾನದಲ್ಲಿ ಅದನ್ನು ಬಿಟ್ಟು ಜನ ಹೊರಟುಹೋದರು. ಆಂಗೆಲ್ನ್ ಸೀಮೆ ತನ್ನ ಕಾಲಕ್ಕೂ ಬಿಕೋ ಅನ್ನುತ್ತಿದೆಯಂತೆ ಅಂತ ಬೀಡ್ ಬರೆದದ್ದು ತೀರಾ ಉತ್ಪ್ರೇಕ್ಷೆಯೇನಲ್ಲ.

ಬಂದವರು ಹೇಗೆ ಬದುಕಿದರು? ಸಫಕ್‌ನ ವೆಸ್ಟ್ ಸ್ಟೋ ಅನ್ನುವ ಜಾಗಕ್ಕೆ ಹೋಗೋಣ. 5ನೇ ಶತಮಾನದಿಂದ 7ನೇ ಶತಮಾನದವರೆಗೆ ಇಲ್ಲೊಂದು ಹಳ್ಳಿ ಇತ್ತು. 1965ರಿಂದ 1972ರವರೆಗೆ ಅಗೆದಾಗ ಸುಮಾರು 70 ಗುಂಡಿಮನೆಗಳು ಸಿಕ್ಕವು. ಗುಂಡಿಮನೆ ಅಂದರೆ ನೆಲದಲ್ಲಿ ಒಂದು ಕೋಣೆಯಷ್ಟಗಲದ ಗುಂಡಿ ತೋಡಿ, ಎರಡು ತುದಿಗೆ ಕಂಬ ನಿಲ್ಲಿಸಿ, ಮೇಲೆ ಹುಲ್ಲಿನ ಮಾಡು ಹೊದಿಸಿದ್ದು. ಮೊದಮೊದಲು ಸಂಶೋಧಕರು ಜನ ಆ ಗುಂಡಿಯ ತಳದಲ್ಲೇ ಕೊಳೆಯಲ್ಲಿ ವಾಸ ಮಾಡುತ್ತಿದ್ದರು ಅಂದುಕೊಂಡಿದ್ದರು. ಆಮೇಲೆ ಬೆಂಕಿ ಬಿದ್ದ ಮನೆಯೊಂದರ ಗುಂಡಿಯಲ್ಲಿ ಕರಕಲಾದ ಹಲಗೆಗಳು ಕಂಡವು. ಗುಂಡಿಯ ಮೇಲೆ ಹಲಗೆಯ ನೆಲ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಕೆಳಗಿನ ಟೊಳ್ಳು ಜಾಗ ಮನೆಯನ್ನು ಒದ್ದೆಯಾಗದಂತೆ ಕಾಪಾಡುತ್ತಿತ್ತು. ಒಳಗೆ ಮಗ್ಗದ ನೂಲು ಬಿಗಿಯಾಗಿ ಇಳಿಬಿಡಲು ಕಟ್ಟುವ ಮಣ್ಣಿನ ಬಳೆಯಂಥ ಭಾರಗಳು ಸಾಲಾಗಿ ಬಿದ್ದಿದ್ದವು. ಯಾರೋ ನೇಯುತ್ತಿದ್ದ ಬಟ್ಟೆ ಅರ್ಧದಲ್ಲೇ ಸುಟ್ಟುಹೋಗಿತ್ತು. ಇಂಥ ಗುಂಡಿಮನೆಗಳ ನಡುವೆ ಒಂದೊಂದು ದೊಡ್ಡ ಮರದ ಮನೆ. ಒಂದು ಕಾಲಕ್ಕೆ ಮೂರ್ನಾಲ್ಕು ಕುಟುಂಬ ಇದ್ದಿರಬಹುದು, ಅಷ್ಟೇ. ಕೋಟೆ ಇಲ್ಲ, ಅರಮನೆ ಇಲ್ಲ, ಸುತ್ತ ಬೇಲಿ ಕೂಡ ಹೇಳಿಕೊಳ್ಳುವಂಥದ್ದಿಲ್ಲ. ಕುರಿ, ದನ, ಹಂದಿ, ಬಾರ್ಲಿ, ಗೋಧಿ. ದೇಶ ಗೆದ್ದ ಸೈನ್ಯದ ಪಾಳೆಯ ಹೀಗಿರುವುದಿಲ್ಲ. ಇವರು ಒಕ್ಕಲು ಮಕ್ಕಳು.

ಅವರ ಪಕ್ಕದ ಹೊಲದ ಬ್ರಿಟನ್ನರು ಎಲ್ಲಿ ಹೋದರು? ಎಲ್ಲರನ್ನೂ ಕೊಂದಿದ್ದರೆ ಹೊಲಗಳು ಕಾಡಾಗಬೇಕಿತ್ತು. ಕೆಸರಿನಲ್ಲಿ ಉಳಿದಿರುವ ಹಳೆಯ ಪರಾಗ ಪರೀಕ್ಷೆ ಮಾಡಿ ನೋಡಿದ್ದಾರೆ. ಬಹಳ ಕಡೆ ಕಾಡು ಮತ್ತೆ ಬೆಳೆದ ಗುರುತು ಇಲ್ಲ, ಹೊಲ ಹುಲ್ಲುಗಾವಲು ಹಾಗೇ ಮುಂದುವರಿದಿವೆ. ಬದುಗಳು ಕೂಡ ಎಷ್ಟೋ ಕಡೆ ಹಳೆಯವೇ. ಇದನ್ನು ನೋಡಿ 1990ರ ಸುಮಾರಿಗೆ ಕೆಲವರು ಇನ್ನೊಂದು ತುದಿಗೆ ಹೋದರು. ಬಂದವರು ಬೆರಳೆಣಿಕೆಯ ಯೋಧರು ಮಾತ್ರ, ಉಳಿದವರೆಲ್ಲ ಅವರ ವೇಷ ಭಾಷೆ ಕಲಿತ ಬ್ರಿಟನ್ನರೇ ಅಂದರು.

ಈ ವಾದವನ್ನು ಅಲುಗಾಡಿಸಿದ್ದು ಡಿಎನ್‌ಎ. 2022ರಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ವಾಯವ್ಯ ಯುರೋಪಿನ 460 ಜನರ ಹಳೆಯ ಮೂಳೆ, ಹಲ್ಲುಗಳ ಡಿಎನ್‌ಎ ನೋಡಿದರು, ಅದರಲ್ಲಿ 278 ಜನ ಇಂಗ್ಲೆಂಡಿನವರು. ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿ ಆ ಕಾಲದವರ ವಂಶದ ಸರಾಸರಿ 76 ಶೇಕಡಾ ಭಾಗ ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸ್ ಕರಾವಳಿಯ ಕಡೆಯದು ಅಂತ ಬಂತು. ಇದು ಸಣ್ಣ ಸಂಖ್ಯೆ ಅಲ್ಲ. ಹೆಂಗಸರೂ ಗಂಡಸರೂ ಇಬ್ಬರೂ ಬಂದಿದ್ದರು, ಅಂದರೆ ಸಂಸಾರ ಸಮೇತ ಬಂದಿದ್ದರು. ಒಂದು ಸಲಕ್ಕೆ ಅಲ್ಲ, ತಲೆಮಾರುಗಟ್ಟಲೆ ಬರುತ್ತಲೇ ಇದ್ದರು.

ಹಾಗಾದರೆ ಹಳೇ ಶಾಲೆ ಪುಸ್ತಕವೇ ಗೆದ್ದಿತಾ? ಇಲ್ಲ. ಅದೇ ಸ್ಮಶಾನಗಳಲ್ಲಿ ಬ್ರಿಟನ್ ಮೂಲದವರೂ ಇದ್ದಾರೆ, ಬೆರಕೆಯವರೂ ಇದ್ದಾರೆ, ಅಕ್ಕಪಕ್ಕದಲ್ಲೇ ಮಲಗಿದ್ದಾರೆ. ಕೇಂಬ್ರಿಜ್ ಹತ್ತಿರದ ಓಕಿಂಗ್ಟನ್ ಸ್ಮಶಾನದ ನಾಲ್ಕು ಜನರ ಡಿಎನ್‌ಎ ಫಲಿತಾಂಶ 2016ರಲ್ಲೇ ಬಂದಿತ್ತು. ಅವರಲ್ಲಿ ಒಬ್ಬರು ಸ್ಥಳೀಯ ಬ್ರಿಟನ್ ಮೂಲದವರು, ಒಬ್ಬರು ಬೆರಕೆ, ಇನ್ನಿಬ್ಬರು ಹೊರಗಿನಿಂದ ಬಂದ ವಂಶದವರು. ನಾಲ್ವರಲ್ಲಿ ಅತಿ ಶ್ರೀಮಂತ ಸಮಾಧಿ ಯಾರದು ಗೊತ್ತಾ? ಆ ಬ್ರಿಟನ್ ಹೆಣ್ಣುಮಗಳದು. ಎದೆಯ ಮೇಲೆ ದೊಡ್ಡ ಶಿಲುಬೆಯಾಕಾರದ ಬ್ರೂಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಲೋಹದ ಪಿನ್ನು, ಅಪ್ಪಟ ಆಂಗಲ್ ಶೈಲಿಯದು. ಅವಳನ್ನು ಆ ಕಾಲದಲ್ಲಿ ನೋಡಿದ್ದರೆ ಯಾರಾದರೂ ಆಂಗಲ್ ಹೆಂಗಸು ಅಂತಲೇ ಹೇಳುತ್ತಿದ್ದರು. ಬಹುಶಃ ಅವಳೂ ಹಾಗೇ ಹೇಳಿಕೊಳ್ಳುತ್ತಿದ್ದಳು.

ಇನ್ನೊಬ್ಬಳು ಕೆಂಟಿನ ಅಪ್‌ಡೌನ್ ಸ್ಮಶಾನದ ಹುಡುಗಿ. 7ನೇ ಶತಮಾನದ ಶುರುವಿನಲ್ಲಿ ತೀರಿಕೊಂಡಾಗ ಅವಳಿಗೆ ಹತ್ತು ಹನ್ನೊಂದು ವರ್ಷ. ಅವಳ ಡಿಎನ್‌ಎಯ ಸುಮಾರು ಮೂರನೇ ಒಂದು ಭಾಗ ಪಶ್ಚಿಮ ಆಫ್ರಿಕಾದ್ದು, ಉಳಿದದ್ದು ಉತ್ತರ ಯುರೋಪಿನದು. ಚಾಕು, ಚಮಚ, ಮಡಕೆ ಇಟ್ಟು ಉಳಿದ ಮಕ್ಕಳಂತೆಯೇ ಅವಳನ್ನು ಹೂತಿದ್ದಾರೆ. ಆ ಹುಡುಗಿಯನ್ನು ನೆನೆದರೆ 'ಶುದ್ಧ ಜನಾಂಗ' ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ಇವತ್ತಿನ ಇಂಗ್ಲಿಷರಲ್ಲಿ ಆ ಉತ್ತರ ಯುರೋಪಿನ ಪಾಲು 25ರಿಂದ 47 ಶೇಕಡಾ ಅಂತ ಅದೇ 2022ರ ಅಧ್ಯಯನ ಹೇಳುತ್ತದೆ. ಉಳಿದದ್ದು ಹಳೆಯ ಬ್ರಿಟನ್ನರದು ಮತ್ತು ಆಮೇಲೆ ಫ್ರಾನ್ಸ್ ಕಡೆಯಿಂದ ಬಂದವರದು.

ಇಲ್ಲಿ ಒಂದು ಕಗ್ಗಂಟು ಇದೆ. ಇಷ್ಟು ಬೆರೆತರೂ ಬ್ರಿಟನ್ನರ ಮಾತು ಯಾಕೆ ಉಳಿಯಲಿಲ್ಲ? ಫ್ರಾನ್ಸ್ ನೋಡಿ. ಅಲ್ಲೂ ಫ್ರಾಂಕ್ ಅನ್ನುವ ಜರ್ಮನ್ ಮೂಲದವರೇ ಗೆದ್ದರು. ಆದರೆ ಗೆದ್ದವರು ಸೋತವರ ಲ್ಯಾಟಿನ್ ಕಲಿತರು, ಅದು ಫ್ರೆಂಚ್ ಆಯಿತು. ಬ್ರಿಟನ್ನಿನಲ್ಲಿ ತಿರುವುಮುರುವು. ಹಳೆಯ ಇಂಗ್ಲಿಷಿಗೆ ಬ್ರಿಟನ್ನರ ಭಾಷೆಯಿಂದ ಬಂದ ಪದಗಳು ಕೈಬೆರಳಲ್ಲಿ ಎಣಿಸುವಷ್ಟು.

ನನಗೆ ಒಪ್ಪಿಗೆಯಾಗುವ ಉತ್ತರ ಇದು. ಫ್ರಾಂಕರು ಗಾಲ್‌ಗೆ ಬಂದಾಗ ಅಲ್ಲಿ ಊರುಗಳಿದ್ದವು, ಬಿಷಪ್‌ಗಳಿದ್ದರು, ತೆರಿಗೆ ಲೆಕ್ಕ ಬರೆಯುವ ಗುಮಾಸ್ತರಿದ್ದರು. ಆ ಯಂತ್ರ ಓಡಿಸಬೇಕಾದರೆ ಲ್ಯಾಟಿನ್ ಬೇಕೇ ಬೇಕು. ಪೂರ್ವ ಬ್ರಿಟನ್ನಿನಲ್ಲಿ ಆ ಯಂತ್ರ ಹೊಸಬರು ಹೆಚ್ಚಾಗಿ ಬರುವ ಮೊದಲೇ ಕೆಟ್ಟು ನಿಂತಿತ್ತು. ಅವರಿಗೆ ಕಲಿಯಲು ಆಸೆ ಹುಟ್ಟಿಸುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಬದಲಿಗೆ ಬ್ರಿಟನ್ನರಿಗೇ ಹೊಸಬರ ಜೊತೆ ಸೇರಿಕೊಂಡರೆ ಲಾಭ. ಎಷ್ಟು ಲಾಭ ಅಂತ ಲೆಕ್ಕವೂ ಇದೆ. ವೆಸೆಕ್ಸ್ ರಾಜ ಇನೆ 690ರ ಸುಮಾರಿಗೆ ಕಾನೂನು ಮಾಡಿದ. ಆ ಕಾಲದಲ್ಲಿ ಒಬ್ಬನನ್ನು ಕೊಂದರೆ ಅವನ ಮನೆಯವರಿಗೆ ಕೊಡಬೇಕಾದ ಪರಿಹಾರಕ್ಕೆ 'ವೆರ್‌ಗಿಲ್ಡ್' ಅನ್ನುತ್ತಿದ್ದರು, ಅಂದರೆ ಮನುಷ್ಯನ ಬೆಲೆ. ಸಾಧಾರಣ ಇಂಗ್ಲಿಷ್ ರೈತನ ಬೆಲೆ 200 ಶಿಲ್ಲಿಂಗ್. ತೆರಿಗೆ ಕಟ್ಟುವ ಬ್ರಿಟನ್ನನದು 120. ಹೀಗಿದ್ದಾಗ ಮಗನಿಗೆ ಇಂಗ್ಲಿಷ್ ಹೆಸರಿಟ್ಟು, ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ, ಎರಡು ತಲೆಮಾರಿನಲ್ಲಿ ಹಳೆಯ ಗುರುತು ಅಳಿಸಿಕೊಳ್ಳದವರು ಯಾರು?

ಆ ಬ್ರಿಟನ್ನರಿಗೆ ಇಂಗ್ಲಿಷರು ಇಟ್ಟ ಹೆಸರು 'ವೆಯಾಲ್ಹ್'. ಹೊರಗಿನವನು, ಪರಕೀಯ ಅಂತ ಅರ್ಥ. ಬರುಬರುತ್ತಾ 'ಗುಲಾಮ' ಅನ್ನುವ ಅರ್ಥವೂ ಸೇರಿತು. ವೇಲ್ಸ್ ಅನ್ನುವ ಹೆಸರು ಬಂದದ್ದು ಇದರಿಂದಲೇ. ತಮ್ಮ ಸ್ವಂತ ನೆಲದಲ್ಲೇ ಪರಕೀಯ ಅನ್ನಿಸಿಕೊಂಡ ಆ ಜನ ತಮ್ಮನ್ನು ಕರೆದುಕೊಳ್ಳುವುದು 'ಕಮ್ರಿ', ಅಂದರೆ ಒಂದೇ ನಾಡಿನವರು ಅಂತ. ಈ ಎರಡು ಪದ ಅಕ್ಕಪಕ್ಕ ಇಟ್ಟರೆ ನನಗೆ ಸಂಕಟವಾಗುತ್ತದೆ.

ಆದರೂ ಹೆಸರುಗಳಲ್ಲಿ ಹಳಬರು ಅಡಗಿ ಕುಳಿತಿದ್ದಾರೆ. ಊರಿನ ಹೆಸರುಗಳು ಬಹುತೇಕ ಇಂಗ್ಲಿಷ್. 'ಹ್ಯಾಮ್' ಅಂದರೆ ಮನೆ, ವಠಾರ. 'ಟನ್' ಅಂದರೆ ಬೇಲಿ ಹಾಕಿದ ತೋಟ, ಊರು. ಹೇಸ್ಟಿಂಗ್ಸ್ ಅಂದರೆ ಹೇಸ್ತಾ ಅನ್ನುವವನ ಕಡೆಯವರು. ನದಿಗಳಿಗೆ ಮಾತ್ರ ಹಳೆಯ ಹೆಸರೇ: ಥೇಮ್ಸ್, ಸೆವರ್ನ್, ಡರ್ವೆಂಟ್. ಏವನ್ ಅನ್ನುವ ಹೆಸರಿನ ನದಿಗಳು ಹಲವು. ಅದು ಬ್ರಿಟನ್ನರ ಭಾಷೆಯಲ್ಲಿ 'ನದಿ' ಅನ್ನುವ ಮಾಮೂಲಿ ಪದ. ಹೊಸಬನೊಬ್ಬ ದಡದಲ್ಲಿ ನಿಂತು ಕೈ ತೋರಿಸಿ 'ಇದೇನು' ಅಂತ ಕೇಳಿರಬೇಕು, ಅಲ್ಲಿದ್ದವನು 'ಹೊಳೆ' ಅಂದಿರಬೇಕು. ಕೊಲ್ಲುವವನಿಗೂ ಸಾಯುವವನಿಗೂ ನಡುವೆ ಇಂಥ ಮಾತುಕತೆ ನಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಸುಳಿವು ವೆಸೆಕ್ಸ್ ರಾಜವಂಶದ್ದು. ಆ ವಂಶದ ಮೂಲಪುರುಷ ಅಂತ ಹೇಳುವ ಚೆರ್ಡಿಕ್‌ನ ಹೆಸರು ಇಂಗ್ಲಿಷಲ್ಲ, ಬ್ರಿಟನ್ನರದು.

ಮೊದಲ ನೂರು ವರ್ಷದ ಸ್ಮಶಾನಗಳಲ್ಲಿ ರಾಜರು ಕಾಣುವುದಿಲ್ಲ. ಸ್ವಲ್ಪ ಉಳ್ಳವರು, ಸ್ವಲ್ಪ ಇಲ್ಲದವರು, ಅಷ್ಟೇ. 6ನೇ ಶತಮಾನದ ಕೊನೆಗೆ ಇದ್ದಕ್ಕಿದ್ದಂತೆ ದೊಡ್ಡ ದಿಬ್ಬಗಳು, ಚಿನ್ನ, ಕತ್ತಿ. ನಡುವೆ ಏನಾಯಿತು? 536ರ ಆಸುಪಾಸಿನಲ್ಲಿ ಜ್ವಾಲಾಮುಖಿಯ ಬೂದಿ ಆಕಾಶ ಮುಚ್ಚಿ ಬೇಸಿಗೆಗಳೇ ತಣ್ಣಗಾದವು, 541ರಿಂದ ಪ್ಲೇಗ್ ಹಬ್ಬಿತು. ಕೇಂಬ್ರಿಜ್‌ಶೈರಿನ ಎಡಿಕ್ಸ್ ಹಿಲ್ ಸಮಾಧಿಗಳಲ್ಲಿ ಆ ಪ್ಲೇಗಿನ ರೋಗಾಣುವಿನ ಡಿಎನ್‌ಎ ಸಿಕ್ಕಿದೆ. ಕಷ್ಟಕಾಲದಲ್ಲಿ ದವಸ ಇದ್ದವನ ಮನೆಬಾಗಿಲಿಗೆ ಜನ ಹೋಗುತ್ತಾರೆ. ಇದು ನನ್ನ ಊಹೆ, ಆದರೆ ಇಂಗ್ಲಿಷ್ ಭಾಷೆಯೇ ಇದಕ್ಕೆ ಪುಷ್ಟಿ ಕೊಡುತ್ತದೆ. 'ಲಾರ್ಡ್' ಅನ್ನುವ ಪದದ ಹಳೆಯ ರೂಪದ ಅರ್ಥ ರೊಟ್ಟಿ ಕಾಯುವವನು. 'ಲೇಡಿ' ಅಂದರೆ ರೊಟ್ಟಿಯ ಹಿಟ್ಟು ನಾದುವವಳು. ನಮ್ಮಲ್ಲಿ ಒಡೆಯನ ಉಪ್ಪು ತಿಂದವರು ಅನ್ನುವುದಿಲ್ಲವೇ, ಹಾಗೆ.

ಒಡೆಯನಿಗೆ ಉಪ್ಪು, ರೊಟ್ಟಿ ಎಲ್ಲಿಂದ ಬರುತ್ತಿತ್ತು? ಒಕ್ಕಲುಗಳಿಂದಲೇ. ನಾಣ್ಯದ ಓಡಾಟ ತೀರಾ ಕಡಿಮೆ, ಹಾಗಾಗಿ ತೆರಿಗೆ ಅಂದರೆ ಊಟ. ಒಂದು ಕುಟುಂಬ ಬದುಕುವಷ್ಟು ನೆಲಕ್ಕೆ ಒಂದು 'ಹೈಡ್' ಅನ್ನುತ್ತಿದ್ದರು. ಹತ್ತು ಹೈಡ್ ಜಮೀನು ಏನು ಕೊಡಬೇಕು ಅಂತ ಇನೆಯ ಕಾನೂನಿನಲ್ಲಿ ಪಟ್ಟಿ ಇದೆ: ಹತ್ತು ಕೊಳಗ ಜೇನು, 300 ರೊಟ್ಟಿ, 42 ಅಳತೆ ಬಿಯರ್, ಎರಡು ಬಲಿತ ದನ ಅಥವಾ ಹತ್ತು ಟಗರು, ಹತ್ತು ಹೆಬ್ಬಾತು, 20 ಕೋಳಿ, ಹತ್ತು ಚೀಸ್ ಗಡ್ಡೆ, ಒಂದು ಅಳತೆ ಬೆಣ್ಣೆ, ಐದು ಸಾಲ್ಮನ್ ಮೀನು, ಮೇವು, 100 ಹಾವುಮೀನು. ರಾಜ ಒಂದು ಕಡೆ ಕೂರುತ್ತಿರಲಿಲ್ಲ. ಪರಿವಾರ ಕಟ್ಟಿಕೊಂಡು ಊರಿಂದ ಊರಿಗೆ ಹೋಗಿ ಇದನ್ನು ಉಣ್ಣುತ್ತಿದ್ದ. ಉಂಡ ಯೋಧರು ಅವನಿಗಾಗಿ ಪಕ್ಕದ ಸೀಮೆಯ ಮೇಲೆ ಬೀಳುತ್ತಿದ್ದರು. ಗೆದ್ದರೆ ಇನ್ನಷ್ಟು ಹೈಡ್, ಇನ್ನಷ್ಟು ರೊಟ್ಟಿ, ಇನ್ನಷ್ಟು ಯೋಧರು.

ಹೀಗೆ ಸಣ್ಣ ಸೀಮೆಗಳನ್ನು ದೊಡ್ಡವು ನುಂಗಿದವು. 'ಟ್ರೈಬಲ್ ಹೈಡೇಜ್' ಅಂತ ಕರೆಯುವ ಒಂದು ಹಳೇ ಪಟ್ಟಿಯಲ್ಲಿ ಈ ನುಂಗುವಿಕೆ ಅರ್ಧದಲ್ಲಿರುವಾಗಿನ ಚಿತ್ರ ಸಿಗುತ್ತದೆ. ನಡು ಇಂಗ್ಲೆಂಡಿನ ಮರ್ಸಿಯಾ ರಾಜ್ಯ 30,000 ಹೈಡ್, ಕೆಂಟ್ 15,000. ಅದೇ ಪಟ್ಟಿಯಲ್ಲಿ ಹಿಕ್ಕಾ ಅನ್ನುವ ಜನ, ಬರೀ 300 ಹೈಡ್. ಅಂದರೆ 300 ಕುಟುಂಬದ ನಾಡು. ಅವರ ಹೆಸರು ಈಗ ಉಳಿದಿರುವುದು ಹಿಚಿನ್ ಅನ್ನುವ ಪಟ್ಟಣದಲ್ಲಿ ಮಾತ್ರ.

ಗೆದ್ದ ರಾಜ ಎಷ್ಟು ದೊಡ್ಡವನಾದ ಅನ್ನುವುದಕ್ಕೆ ಸಟನ್ ಹೂ. 1939ರಲ್ಲಿ ಸಫಕ್‌ನಲ್ಲಿ ಒಂದು ದಿಬ್ಬ ಅಗೆದಾಗ 27 ಮೀಟರ್ ಉದ್ದದ ಹಡಗಿನ ಅಚ್ಚು ಮಣ್ಣಿನಲ್ಲಿ ಕಂಡಿತು. ಮರ ಕೊಳೆತುಹೋಗಿತ್ತು, ಕಬ್ಬಿಣದ ಮೊಳೆಗಳು ಸಾಲು ತಪ್ಪದೆ ನಿಂತಿದ್ದವು. 620ರ ದಶಕದಲ್ಲಿ ತೀರಿಕೊಂಡ ಪೂರ್ವ ಆಂಗ್ಲಿಯಾದ ರಾಜ ರೆಡ್‌ವಾಲ್ಡ್‌ನ ಸಮಾಧಿ ಇದು ಅಂತ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಮುದ್ರೆಯ ಬೆಳ್ಳಿ ತಟ್ಟೆ, ಫ್ರಾಂಕರ 37 ಚಿನ್ನದ ನಾಣ್ಯ, ಕೆಂಪು ಗಾರ್ನೆಟ್ ಕಲ್ಲು ಕೂರಿಸಿದ ಚಿನ್ನದ ಒಡವೆ. ಈ ಕಾಲದ ಯುರೋಪಿನ ಒಡವೆಗಳ ಗಾರ್ನೆಟ್ ಪರೀಕ್ಷೆ ಮಾಡಿದಾಗ ಅದರಲ್ಲಿ ಬಹಳಷ್ಟು ಭಾರತ ಮತ್ತು ಶ್ರೀಲಂಕಾದ ಕಲ್ಲು ಅಂತ ತಿಳಿದಿದೆ. ಮೆಣಸಿನ ದಾರಿ ಪೂರ್ತಿ ಮುಚ್ಚಿರಲಿಲ್ಲ ಅಂತಾಯಿತು.

ರೆಡ್‌ವಾಲ್ಡ್‌ನ ಕಾಲಕ್ಕಾಗಲೇ ಇನ್ನೊಂದು ಬದಲಾವಣೆ ಶುರುವಾಗಿತ್ತು. ಕೆಂಟ್‌ನ ರಾಜ ಎಥೆಲ್‌ಬರ್ಟ್‌ನ ಹೆಂಡತಿ ಬರ್ತಾ ಫ್ರಾಂಕರ ರಾಜಕುಮಾರಿ, ಕ್ರೈಸ್ತಳು. 597ರಲ್ಲಿ ಪೋಪ್ ಗ್ರೆಗೊರಿ ಕಳಿಸಿದ ಅಗಸ್ಟೀನ್ ಅಲ್ಲಿಗೆ ಬಂದಿಳಿದ. ಧರ್ಮದ ಜೊತೆ ಬರವಣಿಗೆಯೂ ಬಂತು. ಎಥೆಲ್‌ಬರ್ಟ್ ಮಾಡಿಸಿದ ಕಾನೂನು ಇಂಗ್ಲಿಷಿನಲ್ಲೇ ಇದೆ. ಆ ಭಾಷೆಯ ಅತಿ ಹಳೆಯ ಕಾನೂನು ಅದು. ತೆರೆದು ನೋಡಿದರೆ ಮೈಯ ಒಂದೊಂದು ಅಂಗಕ್ಕೂ ಬೆಲೆ ಕಟ್ಟಿದ್ದಾರೆ. ಹೆಬ್ಬೆರಳು ಕಡಿದರೆ 20 ಶಿಲ್ಲಿಂಗ್. ತೋರುಬೆರಳಿಗೆ 9, ನಡುಬೆರಳಿಗೆ 4, ಉಂಗುರ ಬೆರಳಿಗೆ 6, ಕಿರುಬೆರಳಿಗೆ 11. ಮುಂದಿನ ನಾಲ್ಕು ಹಲ್ಲಿಗೆ ತಲಾ 6. ಓದಿದರೆ ಕ್ರೂರ ಅನ್ನಿಸಬಹುದು, ಆದರೆ ಇದರ ಕೆಲಸವೇ ಬೇರೆ. ಪೊಲೀಸ್ ಇಲ್ಲ, ಜೈಲಿಲ್ಲ. ಒಬ್ಬನ ಬೆರಳು ಹೋದರೆ ಅವನ ಅಣ್ಣತಮ್ಮಂದಿರು ಕತ್ತಿ ಹಿಡಿದು ಹೊರಡುತ್ತಾರೆ, ಆ ಕಡೆಯವರೂ ಬರುತ್ತಾರೆ, ಊರೇ ಹಾಳಾಗುತ್ತದೆ. ಮೊದಲೇ ಬೆಲೆ ಗೊತ್ತಿದ್ದರೆ ಕುಟುಂಬಗಳು ಕೂತು ಮಾತಾಡಿ ತೀರಿಸಿಕೊಳ್ಳಬಹುದು. ಸಮಾಜ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ: ನೆಂಟರು, ಒಡೆಯ, ರಾಜ, ಇವರ ನಡುವೆ ಲೆಕ್ಕ ಹಾಕಿ ಕಟ್ಟಿದ ಒಂದು ಶಾಂತಿ. ಗುಲಾಮರೂ ಆ ಪಟ್ಟಿಯಲ್ಲಿದ್ದಾರೆ, ಕಡಿಮೆ ಬೆಲೆಗೆ.

ಹೆಸರಿನ ವಿಷಯ ಕೊನೆಗೆ ಉಳಿಯಿತು. ಇವರು ತಮ್ಮನ್ನು ಎಂದೂ 'ಆಂಗ್ಲೋ-ಸ್ಯಾಕ್ಸನ್' ಅಂತ ಕರೆದುಕೊಂಡು ಹುಟ್ಟಲಿಲ್ಲ, ಬೆಳೆಯಲಿಲ್ಲ. ಕೆಂಟ್‌ನವನು ಕೆಂಟ್‌ನವನು, ಹಿಕ್ಕಾದವನು ಹಿಕ್ಕಾದವನು. ಪೋಪ್ ಗ್ರೆಗೊರಿ ರೋಮ್‌ನಿಂದ ನೋಡುವಾಗ ಎಲ್ಲರೂ ಆಂಗಲ್ಲರೇ, ಹಾಗಾಗಿ ಚರ್ಚಿನಲ್ಲಿ ಆ ಹೆಸರು ನಿಂತಿತು. ಬೀಡ್ ಅದನ್ನೇ ಹಿಡಿದು 'ಆಂಗಲ್ಲರ ಜನ' ಅಂತ ಇಡೀ ನಾಡಿಗೆ ಒಂದು ಕಥೆ ಬರೆದ. 'ಆಂಗ್ಲೋ-ಸ್ಯಾಕ್ಸನ್' ಅನ್ನುವ ಜೋಡಿ ಪದ 8ನೇ ಶತಮಾನದಲ್ಲಿ ಯುರೋಪ್ ಖಂಡದ ಲೇಖಕರು ಬಳಸಿದ್ದು, ಜರ್ಮನಿಯಲ್ಲೇ ಉಳಿದ ಸ್ಯಾಕ್ಸನ್ನರಿಂದ ಇವರನ್ನು ಬೇರೆ ಮಾಡಿ ಹೇಳಲು. 9ನೇ ಶತಮಾನದ ಕೊನೆಯಲ್ಲಿ, ವೈಕಿಂಗರ ದಾಳಿಯ ನಡುವೆ, ರಾಜ ಆಲ್ಫ್ರೆಡ್ ಆಂಗಲ್ಲರನ್ನೂ ಸ್ಯಾಕ್ಸನ್ನರನ್ನೂ ಒಂದೇ ಬಾವುಟದಡಿ ತರಬೇಕಾದಾಗ 'ಆಂಗ್ಲೋ-ಸ್ಯಾಕ್ಸನ್ನರ ರಾಜ' ಅನ್ನುವ ಬಿರುದು ಹಾಕಿಕೊಂಡ. ಅವನ ಮೊಮ್ಮಗ ಎಥೆಲ್‌ಸ್ಟಾನ್ ಹೊತ್ತಿಗೆ ಅದೂ ಹಿಂದೆ ಬಿದ್ದು 'ಇಂಗ್ಲಿಷರ ರಾಜ' ಅನ್ನುವುದೇ ಗಟ್ಟಿಯಾಯಿತು. ವೇಲ್ಸ್‌ನ ಜನ ಮಾತ್ರ ಇಂಗ್ಲಿಷ್ ಭಾಷೆಯನ್ನು ಇವತ್ತಿಗೂ 'ಸೈಸ್ನೆಗ್', ಅಂದರೆ ಸ್ಯಾಕ್ಸನ್ನರ ಮಾತು, ಅಂತಲೇ ಕರೆಯುತ್ತಾರೆ.